ಸರ್ಕಾರದ ಹಿರಿಯ ಸಲಹೆಗಾರರ ನಾಯಕತ್ವ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೋತ್ತರ ಯಾರಿಗಾಗಿ?

ರಾಜ್ಯ ಸರ್ಕಾರದಲ್ಲಿ ಸಲಹೆ ನೀಡುವುದೇ ಮುಖ್ಯ ಕೆಲಸವಾಗಿರುವ ಹಿರಿಯರಿಗಾಗಿ ಇದನ್ನು ಬರೆಯಲಾಗಿದೆ. ಮುಖ್ಯಮಂತ್ರಿಗಳಿಗೆ ಅಥವಾ ಸಚಿವರಿಗೆ ಸಲಹೆಗಾರರಾಗಿ ನೇಮಕಗೊಂಡವರು, ಇಲಾಖೆಗಳ ಆಂತರಿಕ ಆರ್ಥಿಕ ಸಲಹೆಗಾರರು ಮತ್ತು ತಜ್ಞರ ಸಮಿತಿಗಳ ಅಧ್ಯಕ್ಷರು ಈ ಗುಂಪಿಗೆ ಸೇರುತ್ತಾರೆ. ಅಪರ ಮುಖ್ಯ ಕಾರ್ಯದರ್ಶಿ ಮತ್ತು ಪ್ರಧಾನ ಕಾರ್ಯದರ್ಶಿಗಳನ್ನೂ ಇದರಲ್ಲಿ ಸೇರಿಸಬೇಕು. ಇಲಾಖೆಯ ಆಡಳಿತ ಹೊಣೆ ಹೊತ್ತಿರುವಾಗಲೂ ಸಚಿವರಿಗೆ ನಿತ್ಯ ಸಲಹೆ ಕೊಡುವವರು ಅವರೇ. ಇಲ್ಲಿನ ಉದಾಹರಣೆಗಳೆಲ್ಲ ಕರ್ನಾಟಕದ ಆಡಳಿತಕ್ಕೆ ಸಂಬಂಧಿಸಿದವು.

ಆದೇಶ ಹೊರಡಿಸುವ ಅಧಿಕಾರವೇ ಇಲ್ಲದವರಿಗೆ ನಾಯಕತ್ವ ಎಲ್ಲಿಂದ ಬರಬೇಕು?

ಈ ಹುದ್ದೆಯ ಸ್ವರೂಪವನ್ನು ಮೊದಲು ಸರಿಯಾಗಿ ಅರಿಯಬೇಕು. ಸಂವಿಧಾನದ 166ನೇ ವಿಧಿಯ ಅಡಿಯಲ್ಲಿ ರೂಪುಗೊಂಡಿರುವ ಕರ್ನಾಟಕ ಸರ್ಕಾರದ ಕಾರ್ಯಕಲಾಪಗಳ ನಿರ್ವಹಣಾ ನಿಯಮಗಳು, 1977 ಯಾವ ವಿಷಯ ಯಾರ ಹಂತದಲ್ಲಿ ತೀರ್ಮಾನವಾಗಬೇಕು, ಯಾವುದು ಸಚಿವ ಸಂಪುಟದ ಮುಂದೆ ಬರಬೇಕು, ಯಾವುದಕ್ಕೆ ಆರ್ಥಿಕ ಇಲಾಖೆಯ ಸಹಮತಿ ಬೇಕು ಎಂಬುದನ್ನು ನಿಗದಿಪಡಿಸುತ್ತವೆ. ವಿಷಯ ನಿರ್ವಾಹಕರಿಂದ ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿಗಳನ್ನು ದಾಟಿ ಇಲಾಖಾ ಕಾರ್ಯದರ್ಶಿ ಮತ್ತು ಸಚಿವರವರೆಗೆ ಹೋಗುವ ಕಡತದ ದಾರಿಯಲ್ಲಿ ಹೊರಗಿನಿಂದ ಬಂದ ಸಲಹೆಗಾರನಿಗೆ ಸಾಮಾನ್ಯವಾಗಿ ಸಹಿಯ ಜಾಗವಿರುವುದಿಲ್ಲ. ಸಂಪುಟ ದರ್ಜೆಯ ಸ್ಥಾನಮಾನ ಸಿಕ್ಕಿದ್ದರೂ ಅದು ಶಿಷ್ಟಾಚಾರಕ್ಕೆ ಸಂಬಂಧಿಸಿದ್ದೇ ಹೊರತು ಸಂಪುಟದ ಸದಸ್ಯತ್ವವನ್ನು ಕೊಡುವುದಿಲ್ಲ. ಕೊಠಡಿ, ಕಾರು, ಆಪ್ತ ಸಹಾಯಕರು ಇದ್ದಾರೆಂದು ಅಧಿಕಾರವೂ ಇದೆ ಎಂದು ಭಾವಿಸಿದವರು ಕೆಲವೇ ತಿಂಗಳಲ್ಲಿ ಮೂಲೆಗುಂಪಾಗುತ್ತಾರೆ.

ಇಂಥವರಿಗೆ ಉಳಿಯುವ ಬಲ ನಂಬಿಕೆಯದು. ಈ ವ್ಯಕ್ತಿ ಹೇಳಿದ ಅಂಕಿ ಸರಿಯಾಗಿರುತ್ತದೆ, ಒಳಗೆ ಒಂದು ಹೊರಗೆ ಒಂದು ಮಾತನಾಡುವುದಿಲ್ಲ, ಕೇಳಿದ ದಿನಕ್ಕೆ ಉತ್ತರ ಕೊಡುತ್ತಾರೆ, ಕೆಟ್ಟ ಸುದ್ದಿಯನ್ನು ಮುಚ್ಚಿಡುವುದಿಲ್ಲ ಎಂಬ ಅಭಿಪ್ರಾಯ ಸಚಿವರಲ್ಲೂ ಕೆಳಹಂತದ ಸಿಬ್ಬಂದಿಯಲ್ಲೂ ಮೂಡಿದರೆ, ಸಹಿಯ ಅಧಿಕಾರವಿಲ್ಲದಿದ್ದರೂ ತೀರ್ಮಾನಗಳು ಆ ಕೊಠಡಿಯ ಮೂಲಕವೇ ಹಾದುಹೋಗುತ್ತವೆ. ಮುಂದಿನ ಉತ್ತರಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ನಂಬಿಕೆಯನ್ನು ಗಳಿಸುವ ಮತ್ತು ಉಳಿಸಿಕೊಳ್ಳುವ ವಿಚಾರವೇ ಆಗಿವೆ.

ಅಧಿಕಾರ ವಹಿಸಿಕೊಂಡ ಮೊದಲ ವಾರಗಳಲ್ಲಿ ಏನು ಮಾಡಬೇಕು?

ಹಳೆಯ ಕಡತಗಳನ್ನು ಓದಬೇಕು. ನೀವು ಹೊಸದೆಂದು ತಂದ ಆಲೋಚನೆಯನ್ನು ಹಿಂದೆ ಯಾರೋ ಪ್ರಸ್ತಾಪಿಸಿರುತ್ತಾರೆ, ಯಾವುದೋ ಕಾರಣಕ್ಕೆ ಅದು ನೆನೆಗುದಿಗೆ ಬಿದ್ದಿರುತ್ತದೆ. ಆ ಕಾರಣ ಟಿಪ್ಪಣಿ ಹಾಳೆಯಲ್ಲೇ ಸಿಗುತ್ತದೆ. ಹಣವಿಲ್ಲದೆ ನಿಂತಿತೋ, ಕಾನೂನು ತೊಡಕಿನಿಂದಲೋ, ಕ್ಷೇತ್ರದಲ್ಲಿ ಸಿಬ್ಬಂದಿ ಇಲ್ಲದೆಯೋ ಎಂಬುದು ತಿಳಿಯದೆ ಅದೇ ಪ್ರಸ್ತಾವನೆಯನ್ನು ಮತ್ತೆ ಮುಂದಿಟ್ಟರೆ ಅದು ಅದೇ ಜಾಗದಲ್ಲಿ ನಿಲ್ಲುತ್ತದೆ. ಜೊತೆಗೆ ಇಲಾಖೆಯಲ್ಲಿ ದೀರ್ಘಕಾಲದಿಂದ ಇರುವ ಶಾಖಾಧಿಕಾರಿಗಳನ್ನು ಅವರ ಮೇಜಿನ ಬಳಿಗೇ ಹೋಗಿ ಮಾತನಾಡಿಸುವುದು ಒಳ್ಳೆಯದು. ಅವರನ್ನು ಕೊಠಡಿಗೆ ಕರೆಸಿಕೊಂಡರೆ ‘ಆಗಲಿ ಸರ್’ ಎಂಬ ಮಾತಷ್ಟೇ ಸಿಗುತ್ತದೆ. ಅವರ ಮೇಜಿನ ಪಕ್ಕ ಕುಳಿತು ಕೇಳಿದರೆ, ಯಾವ ಜಿಲ್ಲೆಯಿಂದ ವರದಿ ಎಂದೂ ಸಮಯಕ್ಕೆ ಬರುವುದಿಲ್ಲ, ಯಾವ ಅಂಕಿಗಳನ್ನು ಪ್ರತಿ ವರ್ಷ ಹಿಂದಿನದನ್ನೇ ನಕಲು ಮಾಡಿ ಕಳಿಸುತ್ತಾರೆ ಎಂಬುದೂ ತಿಳಿಯುತ್ತದೆ.

ಸಚಿವರಿಗೆ ಇಷ್ಟವಾಗದ ಸಲಹೆಯನ್ನು ಹೇಗೆ ಹೇಳಬೇಕು?

ಹೇಳಲೇಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ವಿವೇಕ ಬೇಕಾಗಿರುವುದು ಸಮಯ, ಸ್ಥಳ ಮತ್ತು ರೀತಿಯ ಆಯ್ಕೆಯಲ್ಲಿ. ಜಿಲ್ಲಾ ಪ್ರವಾಸದಲ್ಲಿ ಸಾರ್ವಜನಿಕರ ಎದುರು, ಶಾಸಕರು ತುಂಬಿದ ಸಭೆಯಲ್ಲಿ ಅಥವಾ ಪತ್ರಕರ್ತರು ಹೊರಗೆ ಕಾಯುತ್ತಿರುವಾಗ ಸಚಿವರ ಮಾತನ್ನು ತಿದ್ದಿದರೆ, ಸಲಹೆ ಎಷ್ಟೇ ಸರಿಯಿದ್ದರೂ ಅದು ಅವಮಾನವಾಗಿ ಪರಿಣಮಿಸುತ್ತದೆ. ಅವಮಾನಕ್ಕೆ ಒಳಗಾದವರು ತಮ್ಮ ನಿಲುವನ್ನು ಬದಲಿಸುವುದು ಕಡಿಮೆ. ಘೋಷಣೆ ಆಗುವುದಕ್ಕೆ ಮೊದಲು, ಇಬ್ಬರೇ ಇರುವಾಗ, ನೇರವಾಗಿ ಹೇಳುವುದು ಎಲ್ಲಕ್ಕಿಂತ ಪರಿಣಾಮಕಾರಿ. ಬಜೆಟ್ ಭಾಷಣದ ಕರಡು ಅಂತಿಮಗೊಂಡ ಮೇಲೆ ಎತ್ತುವ ಆಕ್ಷೇಪ ಯಾರ ಉಪಯೋಗಕ್ಕೂ ಬರುವುದಿಲ್ಲ.

‘ಇದು ಸಾಧ್ಯವಿಲ್ಲ’ ಎಂದು ನಿಲ್ಲಿಸುವ ಅಭ್ಯಾಸವನ್ನು ಬಿಡಬೇಕು. ಜನಪ್ರತಿನಿಧಿಗೆ ತನ್ನ ಕ್ಷೇತ್ರದ ಜನರಿಗೆ ಉತ್ತರ ಕೊಡುವ ಹೊಣೆಯಿದೆ, ಆ ಹೊಣೆ ಸಲಹೆಗಾರನಿಗಿಲ್ಲ. ಆದ್ದರಿಂದ ಸಚಿವರು ಕೇಳಿದ ಯೋಜನೆಯ ಹಿಂದಿರುವ ಉದ್ದೇಶವನ್ನು ಮೊದಲು ಅರ್ಥ ಮಾಡಿಕೊಂಡು, ಅದೇ ಉದ್ದೇಶವನ್ನು ಕಾನೂನಿನ ಚೌಕಟ್ಟಿನಲ್ಲಿ ಈಡೇರಿಸುವ ಎರಡು ಮೂರು ದಾರಿಗಳನ್ನು, ಅವುಗಳ ವೆಚ್ಚ, ಅವಧಿ ಮತ್ತು ಅಪಾಯಗಳ ಸಮೇತ ಮುಂದಿಡಬೇಕು. ಏನೂ ಮಾಡದೆ ಬಿಟ್ಟರೆ ಆಗುವ ಪರಿಣಾಮವನ್ನೂ ಅದರಲ್ಲಿ ಸೇರಿಸಬೇಕು. ಇಷ್ಟಾದ ಮೇಲೂ ಸಚಿವರು ನೀವು ಒಪ್ಪದ ದಾರಿಯನ್ನೇ ಆರಿಸಿಕೊಂಡರೆ, ಅದು ಕಾನೂನುಬದ್ಧವಾಗಿದ್ದಲ್ಲಿ, ಪೂರ್ಣ ಮನಸ್ಸಿನಿಂದ ಜಾರಿಗೆ ನೆರವಾಗುವುದು ಪ್ರಜಾಪ್ರಭುತ್ವದ ನಿಯಮ. ಒಳಗೆ ವಿರೋಧಿಸಿ ಸೋತವರು ಹೊರಗೆ ಬಂದು ಜಾರಿಯನ್ನು ನಿಧಾನಗೊಳಿಸುವುದನ್ನು ನಾನು ವಿಶ್ವಾಸದ್ರೋಹವೆಂದೇ ಪರಿಗಣಿಸುತ್ತೇನೆ.

ಫೋನಿನಲ್ಲಿ, ಮಾತಿನಲ್ಲಿ ಬರುವ ಸೂಚನೆಗಳನ್ನು ಏನು ಮಾಡುವುದು?

ಅಖಿಲ ಭಾರತ ಸೇವೆಗಳ (ನಡತೆ) ನಿಯಮಗಳು, 1968ರ 3ನೇ ನಿಯಮ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮೇಲಧಿಕಾರಿಯ ನಿರ್ದೇಶನ ಸಾಮಾನ್ಯವಾಗಿ ಲಿಖಿತವಾಗಿರಬೇಕು. ಅನಿವಾರ್ಯವಾಗಿ ಮೌಖಿಕವಾಗಿ ಕೊಟ್ಟಿದ್ದರೆ ಆನಂತರ ಬೇಗನೆ ಲಿಖಿತವಾಗಿ ದೃಢೀಕರಿಸಬೇಕು. ಸೂಚನೆ ಪಡೆದವರೂ ಆ ದೃಢೀಕರಣವನ್ನು ಕೇಳಿ ಪಡೆಯಬೇಕು. ಕೇಂದ್ರದ ಮಾಜಿ ಸಂಪುಟ ಕಾರ್ಯದರ್ಶಿ ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತು ಇತರರು ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಅಕ್ಟೋಬರ್ 31ರಂದು ನೀಡಿದ ತೀರ್ಪು, ಅಧಿಕಾರಿಗಳು ಮೌಖಿಕ ಸೂಚನೆಗಳನ್ನು ದಾಖಲಿಸಿಕೊಳ್ಳಬೇಕೆಂಬ ಈ ತತ್ವವನ್ನು ಇನ್ನಷ್ಟು ಬಲಪಡಿಸಿತು.

ಆಚರಣೆಯಲ್ಲಿ ಇದನ್ನು ಜಗಳವಿಲ್ಲದೆ ಮಾಡಬಹುದು. ಸಚಿವರ ಕಚೇರಿಯಿಂದ ಮಾತಿನ ಸೂಚನೆ ಬಂದ ದಿನವೇ ಕಡತದಲ್ಲಿ ‘ಇಂದು ನಡೆದ ಚರ್ಚೆಯಲ್ಲಿ ಮಾನ್ಯ ಸಚಿವರು ಸೂಚಿಸಿದಂತೆ’ ಎಂದು ಆರಂಭಿಸಿ, ಸೂಚನೆಯ ಸಾರವನ್ನು ಬರೆದು, ದೃಢೀಕರಣಕ್ಕಾಗಿ ಮಂಡಿಸಿದರೆ ಸಾಕು. ಸೂಚನೆ ನ್ಯಾಯವಾಗಿದ್ದರೆ ಸಹಿ ಬೀಳುತ್ತದೆ. ನ್ಯಾಯವಲ್ಲದ ಸೂಚನೆಗಳು ಹೆಚ್ಚಾಗಿ ಈ ಹಂತದಲ್ಲೇ ನಿಂತುಹೋಗುತ್ತವೆ. ಎಲ್ಲರೊಂದಿಗೂ ಎಲ್ಲ ಸಂದರ್ಭದಲ್ಲೂ ಇದನ್ನೇ ಅನುಸರಿಸಿದರೆ ಯಾರೂ ಇದನ್ನು ಅಪನಂಬಿಕೆ ಎಂದು ತಿಳಿಯುವುದಿಲ್ಲ. ಒಬ್ಬ ಸಚಿವರಿಗೆ ಮಾತ್ರ ಹೀಗೆ ಮಾಡಿದರೆ ತೊಂದರೆ ಶುರುವಾಗುತ್ತದೆ.

ಒಳ್ಳೆಯ ಟಿಪ್ಪಣಿ ಹೇಗಿರಬೇಕು?

ಸಲಹೆಗಾರನ ನಾಯಕತ್ವ ಅತಿ ಹೆಚ್ಚು ಕಾಣುವುದು ಟಿಪ್ಪಣಿಯಲ್ಲಿ, ಹಾಗಾಗಿ ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು. ಬರ ಘೋಷಣೆಯಾದ ತಾಲ್ಲೂಕೊಂದರಲ್ಲಿ ಕುಡಿಯುವ ನೀರಿಗಾಗಿ ಹೊಸ ಕೊಳವೆಬಾವಿಗಳನ್ನು ಕೊರೆಸುವ ಪ್ರಸ್ತಾವನೆ ಬಂದಿದೆ ಎಂದು ಭಾವಿಸಿ. ನಾಲ್ಕೈದು ಪುಟಗಳ ಟಿಪ್ಪಣಿಯಲ್ಲಿ ಜಿಲ್ಲಾಧಿಕಾರಿಗಳ ಪತ್ರದ ಸಾರಾಂಶ, ಹಿಂದಿನ ಸರ್ಕಾರಿ ಆದೇಶಗಳ ಪಟ್ಟಿ, ಅನುದಾನದ ಲೆಕ್ಕಶೀರ್ಷಿಕೆ ಎಲ್ಲವೂ ಇರುತ್ತದೆ. ಕೊನೆಯ ಸಾಲಿನಲ್ಲಿ ಮಾತ್ರ ‘ಮೇಲ್ಕಂಡ ಅಂಶಗಳ ಹಿನ್ನೆಲೆಯಲ್ಲಿ ಸೂಕ್ತ ಆದೇಶಕ್ಕಾಗಿ ಕಡತವನ್ನು ಮಂಡಿಸಿದೆ’ ಎಂದಿರುತ್ತದೆ. ಮುಂದಿನ ಹಂತದಲ್ಲಿ ‘ಪರಿಶೀಲಿಸಬಹುದು’, ಅದರ ಮುಂದಿನ ಹಂತದಲ್ಲಿ ‘ನಿಯಮಾನುಸಾರ ಕ್ರಮ ಕೈಗೊಳ್ಳಬಹುದು’. ಅಡ್ಡಗೋಡೆಯ ಮೇಲೆ ದೀಪವಿಟ್ಟಂತಹ ಈ ಬರವಣಿಗೆಯಲ್ಲಿ ಯಾರೂ ಏನನ್ನೂ ಹೇಳಿಲ್ಲ. ತೀರ್ಮಾನದ ಭಾರವೆಲ್ಲ ವಿಷಯವನ್ನು ಎಲ್ಲರಿಗಿಂತ ಕಡಿಮೆ ಸಮಯ ನೋಡುವ ಸಚಿವರ ಮೇಲೆ ಬಿದ್ದಿದೆ. ಅತ್ತ ಹಳ್ಳಿಯಲ್ಲಿ ಖಾಲಿ ಕೊಡಗಳ ಸಾಲು ಬೆಳೆಯುತ್ತಿದೆ.

ಅದೇ ವಿಷಯಕ್ಕೆ ಒಂದು ಪುಟ ಸಾಕು. ಎಷ್ಟು ಹಳ್ಳಿಗಳಿಗೆ ಎಷ್ಟು ದಿನಕ್ಕಾಗುವಷ್ಟು ನೀರಿದೆ ಎಂಬುದು ಮೊದಲ ಸಾಲಿನಲ್ಲಿ ಬರಬೇಕು. ಕೆಟ್ಟುನಿಂತಿರುವ ಹಳೆಯ ಕೊಳವೆಬಾವಿಗಳ ಮೋಟಾರು ದುರಸ್ತಿ, ನೀರಿರುವ ಖಾಸಗಿ ಕೊಳವೆಬಾವಿಗಳನ್ನು ಬಾಡಿಗೆಗೆ ಪಡೆಯುವುದು, ಟ್ಯಾಂಕರ್ ಪೂರೈಕೆ, ಹೊಸದಾಗಿ ಕೊರೆಸುವುದು – ಈ ನಾಲ್ಕರಲ್ಲಿ ಯಾವುದಕ್ಕೆ ಎಷ್ಟು ದಿನ, ಎಷ್ಟು ಹಣ ಬೇಕು, ಅಂತರ್ಜಲ ಕುಸಿದಿರುವ ಕಡೆ ಹೊಸ ಕೊಳವೆಬಾವಿ ಬತ್ತುವ ಸಂಭವ ಎಷ್ಟು ಎಂಬುದು ನಂತರ ಬರಬೇಕು. ಕೊನೆಗೆ ‘ಮೊದಲು ದುರಸ್ತಿ ಮತ್ತು ಬಾಡಿಗೆ; ಇವೆರಡೂ ಸಾಧ್ಯವಿಲ್ಲದ ಹಳ್ಳಿಗಳಲ್ಲಿ ಮಾತ್ರ ಹೊಸದು; ಅಲ್ಲಿಯವರೆಗೆ ಟ್ಯಾಂಕರ್ ಪೂರೈಕೆ ಎಂದು ಶಿಫಾರಸು ಮಾಡುತ್ತೇನೆ’ ಎಂದು ಬರೆದು ಸಹಿ ಮಾಡಬೇಕು. ಸಚಿವರು ಇದನ್ನು ಒಪ್ಪದಿರಬಹುದು. ಆದರೆ ಅವರು ಒಪ್ಪದಿರುವುದು ಯಾವುದನ್ನು ಎಂಬುದು ಸ್ಪಷ್ಟವಾಗಿರುತ್ತದೆ.

ಟಿಪ್ಪಣಿಯ ಭಾಷೆಯ ಬಗ್ಗೆಯೂ ಒಂದು ಮಾತು. ನಮ್ಮ ರಾಜ್ಯದ 1963ರ ರಾಜಭಾಷಾ ಅಧಿನಿಯಮದ ನಂತರ ಕನ್ನಡ ನಮ್ಮ ಆಡಳಿತ ಭಾಷೆ. ಹೊರಗಿನಿಂದ ಬಂದ ತಜ್ಞರು ಇಂಗ್ಲಿಷಿನಲ್ಲಿ ಆಲೋಚಿಸಿ ಬರೆದದ್ದನ್ನು ಶಾಖೆಯಲ್ಲಿ ಯಾರೋ ಅವಸರದಲ್ಲಿ ಕನ್ನಡಕ್ಕೆ ತಂದಾಗ, ಆದೇಶ ತಲುಪುವ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಅದರ ಅರ್ಥವೇ ಆಗುವುದಿಲ್ಲ. ಕರಡನ್ನು ಆರಂಭದಿಂದಲೇ ಕನ್ನಡದಲ್ಲಿ ಸಿದ್ಧಪಡಿಸಿ, ಅದನ್ನು ಜಾರಿ ಮಾಡಬೇಕಾದ ಒಬ್ಬ ಅಧಿಕಾರಿಗೆ ಓದಲು ಕೊಟ್ಟು, ಅವರು ಅರ್ಥ ಮಾಡಿಕೊಂಡದ್ದನ್ನು ಅವರ ಬಾಯಿಂದಲೇ ಕೇಳುವುದು ಅತ್ಯಂತ ಉಪಯುಕ್ತ ಪದ್ಧತಿ.

ಮಾಹಿತಿ ಹಕ್ಕಿನಲ್ಲಿ ಎಲ್ಲ ಹೊರಬೀಳುತ್ತದೆ. ಮನಸ್ಸಿನಲ್ಲಿರುವುದನ್ನು ಬರೆಯುವುದು ಹೇಗೆ?

ಮಾಹಿತಿ ಹಕ್ಕು ಅಧಿನಿಯಮ, 2005ರ ಸೆಕ್ಷನ್ 2(ಎಫ್) ‘ಮಾಹಿತಿ’ಯ ವ್ಯಾಖ್ಯೆಯಲ್ಲಿ ಅಭಿಪ್ರಾಯ ಮತ್ತು ಸಲಹೆಗಳನ್ನು ಹೆಸರಿಸಿಯೇ ಸೇರಿಸಿದೆ. ಸಚಿವ ಸಂಪುಟದ ಕಾಗದಪತ್ರಗಳಿಗೆ, ಕಾರ್ಯದರ್ಶಿಗಳ ಸಮಾಲೋಚನೆಯ ದಾಖಲೆಗಳೂ ಸೇರಿದಂತೆ, ಸೆಕ್ಷನ್ 8(1)(ಐ) ರಕ್ಷಣೆ ನೀಡುತ್ತದೆ. ಆದರೆ ತೀರ್ಮಾನವಾಗಿ ವಿಷಯ ಮುಗಿದ ಮೇಲೆ ಆ ತೀರ್ಮಾನವನ್ನೂ ಅದರ ಕಾರಣಗಳನ್ನೂ ಆಧಾರ ಸಾಮಗ್ರಿಯನ್ನೂ ಪ್ರಕಟಿಸಬೇಕೆಂದು ಅದೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಇಂದು ಬರೆದದ್ದನ್ನು ನಾಳೆ ಯಾರಾದರೂ ಓದುತ್ತಾರೆ ಎಂದೇ ಭಾವಿಸಿ ಬರೆಯಬೇಕು. ವ್ಯಕ್ತಿಗಳ ಬಗೆಗಿನ ಟೀಕೆ, ವ್ಯಂಗ್ಯ, ಊಹೆ ಇವುಗಳನ್ನು ಬಿಟ್ಟು, ಅಂಶ ಮತ್ತು ಕಾರಣಗಳನ್ನಷ್ಟೇ ಬರೆದವರಿಗೆ ಈ ಕಾಯ್ದೆಯಿಂದ ಕೆಡುಕಾಗುವುದಿಲ್ಲ. ವರ್ಷಗಳ ನಂತರ ತನಿಖೆಯೊಂದು ಬಂದಾಗ, ಪ್ರಾಮಾಣಿಕವಾಗಿ ಬರೆದ ಭಿನ್ನಾಭಿಪ್ರಾಯದ ಟಿಪ್ಪಣಿಯೇ ಅಧಿಕಾರಿಯನ್ನು ಕಾಪಾಡುತ್ತದೆ.

ಆರ್ಥಿಕ ಇಲಾಖೆ ಎಲ್ಲಕ್ಕೂ ಅಡ್ಡಗಾಲು ಹಾಕುತ್ತದೆ ಎಂಬ ದೂರು ಸರಿಯೇ?

ಬಹುತೇಕ ಸರಿಯಲ್ಲ. ವಿತ್ತೀಯ ಹೊಣೆಗಾರಿಕೆ ಅಧಿನಿಯಮವನ್ನು 2002ರಲ್ಲಿ ದೇಶದಲ್ಲೇ ಮೊದಲು ಜಾರಿಗೆ ತಂದ ರಾಜ್ಯ ಕರ್ನಾಟಕ. ವಿತ್ತೀಯ ಕೊರತೆಯನ್ನು ರಾಜ್ಯದ ಒಟ್ಟು ಆಂತರಿಕ ಉತ್ಪನ್ನದ ಶೇ 3ರ ಮಿತಿಯಲ್ಲಿ ಇಡಬೇಕು, ಮಧ್ಯಮಾವಧಿ ವಿತ್ತೀಯ ಯೋಜನೆಯನ್ನು ಶಾಸಕಾಂಗದ ಮುಂದಿಡಬೇಕು ಎಂಬ ಕಟ್ಟುಪಾಡನ್ನು ಈ ರಾಜ್ಯ ತನಗೆ ತಾನೇ ಹಾಕಿಕೊಂಡಿದೆ. ಆ ಕಟ್ಟುಪಾಡನ್ನು ಕಾಯುವುದು ಆರ್ಥಿಕ ಇಲಾಖೆಯ ಕೆಲಸ. ಕಡತ ಅಲ್ಲಿಗೆ ಹೋಗುವ ಮೊದಲೇ ಸಂಬಂಧಪಟ್ಟ ಅಧಿಕಾರಿಯೊಂದಿಗೆ ಕುಳಿತು, ಮೊದಲ ವರ್ಷದ ವೆಚ್ಚದ ಜೊತೆಗೆ ಐದನೇ ವರ್ಷದ ವೆಚ್ಚವನ್ನೂ ಪ್ರಾಮಾಣಿಕವಾಗಿ ತೋರಿಸುವ ಸಲಹೆಗಾರರ ಪ್ರಸ್ತಾವನೆಗಳು ಅಲ್ಲಿಂದ ಹಿಂದಿರುಗುವುದು ಅಪರೂಪ. ನಿರ್ವಹಣಾ ವೆಚ್ಚವನ್ನು ಮರೆಮಾಚಿದ ಪ್ರಸ್ತಾವನೆಗಳನ್ನು ಹಿಂದಿರುಗಿಸುವುದು ಅವರ ಧರ್ಮ. ಕಾನೂನು ಇಲಾಖೆಯ ವಿಷಯದಲ್ಲೂ ಇದೇ ಮಾತು ಅನ್ವಯಿಸುತ್ತದೆ.

ಮೇಲಿನ ಹಂತದ ಸಲಹೆ ಹಳ್ಳಿಯವರೆಗೆ ತಲುಪುವುದು ಹೇಗೆ?

ರಾಜ್ಯದ ಪಹಣಿಗಳನ್ನು ಗಣಕಕ್ಕೆ ತಂದ ‘ಭೂಮಿ’ ಯೋಜನೆಯನ್ನು ಪ್ರತಿ ಸಲಹೆಗಾರರೂ ಕೂಲಂಕಷವಾಗಿ ಅಭ್ಯಾಸ ಮಾಡಬೇಕೆಂದು ನನ್ನ ಅಭಿಪ್ರಾಯ. ಭೂದಾಖಲೆಗಳ ಗಣಕೀಕರಣದ ಪ್ರಯತ್ನ 1990ರ ದಶಕದಲ್ಲೇ ಶುರುವಾಗಿತ್ತು. ಆದರೆ ಗಣಕಯಂತ್ರದಲ್ಲಿ ಒಂದು ಪಹಣಿ, ಗ್ರಾಮ ಲೆಕ್ಕಿಗರ ಕೈಯಲ್ಲಿ ಇನ್ನೊಂದು ಪಹಣಿ ಇರುವವರೆಗೆ ಬ್ಯಾಂಕು ಮತ್ತು ನ್ಯಾಯಾಲಯಗಳು ನಂಬುತ್ತಿದ್ದದ್ದು ಕೈಬರಹವನ್ನೇ. ಈ ಶತಮಾನದ ಆರಂಭದಲ್ಲಿ ಸುಮಾರು 2 ಕೋಟಿ ದಾಖಲೆಗಳನ್ನು ಗಣಕಕ್ಕೆ ತುಂಬಿದ ನಂತರ, ಯೋಜನೆ ಜಾರಿಗೆ ಬಂದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಗೆ ಮಾನ್ಯತೆಯೇ ಇಲ್ಲವೆಂದು ಸರ್ಕಾರ ತೀರ್ಮಾನಿಸಿತು. ಯೋಜನೆಯನ್ನು ಉಳಿಸಿದ್ದು ಈ ಒಂದು ತೀರ್ಮಾನ. ತಂತ್ರಜ್ಞಾನ ಹಿಂದೆಯೂ ಇತ್ತು. ಹಳೆಯ ದಾರಿಯನ್ನು ಮುಚ್ಚುವ ಧೈರ್ಯ ಆಗಷ್ಟೇ ಬಂದಿತ್ತು.

ತಾಲ್ಲೂಕು ಕಚೇರಿಯ ಕಿಂಡಿಯನ್ನು ಹತ್ತಿರದಿಂದ ನೋಡಿದರೆ ಸಣ್ಣ ವಿವರಗಳ ಮಹತ್ವ ತಿಳಿಯುತ್ತದೆ. ಸಿಬ್ಬಂದಿ ಬೆರಳಚ್ಚು ಕೊಟ್ಟ ಮೇಲೆಯೇ ವ್ಯವಸ್ಥೆ ತೆರೆದುಕೊಳ್ಳುತ್ತಿತ್ತು, ಹೀಗಾಗಿ ಯಾರು ಯಾವ ದಾಖಲೆಯನ್ನು ಮುಟ್ಟಿದರು ಎಂಬುದಕ್ಕೆ ಸಾಕ್ಷಿ ಉಳಿಯುತ್ತಿತ್ತು. ಮ್ಯುಟೇಷನ್ (ಜಮೀನಿನ ಹಕ್ಕು ಬದಲಾವಣೆ) ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಹೋಗಬೇಕಿದ್ದುದರಿಂದ, ತಡವಾಗಿ ಕೊಟ್ಟವರ ಅರ್ಜಿಯನ್ನು ಮುಂದೆ ತರಲು ಆಗುತ್ತಿರಲಿಲ್ಲ. ಕಿಂಡಿಯ ಹೊರಗೆ ನಿಂತ ರೈತನ ಕಡೆಗೆ ತಿರುಗಿಸಿದ ಇನ್ನೊಂದು ಪರದೆ ಇರುತ್ತಿತ್ತು. ಒಳಗೆ ಟೈಪ್ ಮಾಡುತ್ತಿರುವುದು ತನ್ನ ಸರ್ವೆ ನಂಬರೇ, ತನ್ನ ಹೆಸರೇ ಎಂಬುದನ್ನು ಅವನು ಕಣ್ಣಾರೆ ನೋಡಿಕೊಳ್ಳಬಹುದಿತ್ತು. ಆರಂಭದಲ್ಲಿ 15 ರೂಪಾಯಿ ಶುಲ್ಕಕ್ಕೆ ಪಹಣಿ ಸಿಗುತ್ತಿತ್ತು. ಈ ವಿವರಗಳಲ್ಲಿ ಯಾವುದೂ ವಿಧಾನಸೌಧದ ಸಭೆಯಲ್ಲಿ ಕುಳಿತವರಿಗೆ ತಾನಾಗಿ ಹೊಳೆಯುವಂಥದ್ದಲ್ಲ. ಕಿಂಡಿಯ ಎರಡೂ ಬದಿಗಳಲ್ಲಿ ನಿಂತು ನೋಡಿದವರಿಗೆ ಮಾತ್ರ ಇವು ಕಾಣುತ್ತವೆ. ಯೋಜನೆ ರೂಪಿಸಿದ ಅಧಿಕಾರಿಗಳು ಅದರ ಜಾರಿ ಮುಗಿಯುವವರೆಗೂ ಅದರೊಂದಿಗೆ ಉಳಿದದ್ದೂ ಯಶಸ್ಸಿಗೆ ಕಾರಣವಾಯಿತು.

‘ಸಕಾಲ’ ಎಂದು ಹೆಸರಾದ ನಾಗರಿಕ ಸೇವೆಗಳ ಖಾತರಿ ಅಧಿನಿಯಮ, 2011 ಕೂಡ ಇದೇ ಬಗೆಯ ಪಾಠವನ್ನು ಕಲಿಸುತ್ತದೆ. ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೊಡಬೇಕೆಂಬ ನಿಯಮದಲ್ಲಿ ಮೊತ್ತ ಸಣ್ಣದು. ಆದರೆ ಪ್ರತಿ ಸೇವೆಗೂ ಒಬ್ಬ ನಿರ್ದಿಷ್ಟ ಅಧಿಕಾರಿ ಹೊಣೆಯಾದದ್ದು ಹೊಸದಾಗಿತ್ತು. ರಾಜ್ಯದ ಸುಮಾರು 6,000 ಗ್ರಾಮ ಪಂಚಾಯಿತಿಗಳಲ್ಲಿ ಜಾರಿಯಾಗಬೇಕಾದ ಯಾವುದೇ ಸಲಹೆಯನ್ನು ಬರೆಯುವಾಗ ‘ಇದನ್ನು ಮಾಡುವವರು ಯಾರು, ಅವರಿಗೆ ಈಗಾಗಲೇ ಎಷ್ಟು ಕೆಲಸವಿದೆ’ ಎಂಬ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಆ ಸಲಹೆ ಇನ್ನೂ ಪೂರ್ಣವಾಗಿಲ್ಲ.

ಸಮಿತಿಯ ವರದಿ ಕಪಾಟಿನಲ್ಲಿ ಉಳಿಯದಂತೆ ಏನು ಮಾಡಬಹುದು?

ಪ್ರಾದೇಶಿಕ ಅಸಮತೋಲನ ನಿವಾರಣೆಗಾಗಿ ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಇಷ್ಟು ವರ್ಷಗಳ ನಂತರವೂ ಆ ವರದಿಯ ಹೆಸರು ಶಾಸನಸಭೆಯಲ್ಲೂ ಬಜೆಟ್ ಚರ್ಚೆಯಲ್ಲೂ ಕೇಳಿಬರುವುದಕ್ಕೆ ಕಾರಣ ಅದರ ಕಟ್ಟುವಿಕೆಯಲ್ಲಿದೆ. ‘ಉತ್ತರ ಕರ್ನಾಟಕ ಹಿಂದುಳಿದಿದೆ’ ಎಂಬ ಸಾಮಾನ್ಯ ಮಾತಿಗೆ ನಿಲ್ಲದೆ, ಸಮಿತಿ 35 ಸೂಚಕಗಳನ್ನು ಬಳಸಿ ಅಂದಿನ 175 ತಾಲ್ಲೂಕುಗಳನ್ನೂ ಅಳೆಯಿತು. 114 ತಾಲ್ಲೂಕುಗಳು ಹಿಂದುಳಿದಿವೆ ಎಂದು ಗುರುತಿಸಿ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು ಎಂದು ವರ್ಗೀಕರಿಸಿತು. ದಕ್ಷಿಣ ಭಾಗದ ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದುದರಿಂದ ಯಾರೂ ಅದನ್ನು ಒಂದು ಪ್ರದೇಶದ ಅಹವಾಲೆಂದು ತಳ್ಳಿಹಾಕುವಂತಿರಲಿಲ್ಲ. ಎಂಟು ವರ್ಷಗಳ ಅವಧಿಗೆ 31,000 ಕೋಟಿ ರೂಪಾಯಿಗಳ ವಿಶೇಷ ಅಭಿವೃದ್ಧಿ ಯೋಜನೆಯನ್ನೂ ಸಮಿತಿ ಸೂಚಿಸಿತು.

ಶಾಸಕರೊಬ್ಬರು ತಮ್ಮ ತಾಲ್ಲೂಕಿನ ಹೆಸರನ್ನು ಪಟ್ಟಿಯಲ್ಲಿ ಬೆರಳಿಟ್ಟು ತೋರಿಸಬಲ್ಲಂಥ ವರದಿಗೆ ವಿಧಾನಸಭೆಯಲ್ಲೇ ವಕೀಲರು ಹುಟ್ಟಿಕೊಳ್ಳುತ್ತಾರೆ. ಹಣ ಕೊಟ್ಟರಷ್ಟೇ ಅಸಮತೋಲನ ಹೋಗುವುದಿಲ್ಲ, ಕಲಬುರಗಿ ವಿಭಾಗದ ಖಾಲಿ ಹುದ್ದೆಗಳು ತುಂಬದೆ ಆ ಹಣ ಸರಿಯಾಗಿ ಖರ್ಚೂ ಆಗುವುದಿಲ್ಲ ಎಂಬುದು ನಿಜ. ಹಾಗಿದ್ದರೂ ಸಲಹೆಯೊಂದು ಅದನ್ನು ಕೊಟ್ಟವರ ಕಾಲಾನಂತರವೂ ಸರ್ಕಾರಗಳನ್ನು ಪ್ರಶ್ನಿಸುತ್ತಾ ಉಳಿಯುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ರಾಜ್ಯದಲ್ಲಿ ಸಿಗುವುದು ಕಷ್ಟ.

ಪೂರ್ಣ ಮಾಹಿತಿ ಇಲ್ಲದಿರುವಾಗ ಸಲಹೆ ಕೊಡಬಹುದೇ?

ಕೊಡಬೇಕಾಗುತ್ತದೆ. ಕೋವಿಡ್ ಕಾಲದಲ್ಲಿ ಡಾ. ಎಂ.ಕೆ. ಸುದರ್ಶನ್ ಅವರ ಅಧ್ಯಕ್ಷತೆಯ ತಾಂತ್ರಿಕ ಸಲಹಾ ಸಮಿತಿ ರಾಜ್ಯ ಸರ್ಕಾರಕ್ಕೆ ಶಿಫಾರಸುಗಳನ್ನು ನೀಡುತ್ತಿತ್ತು. ರೋಗದ ಬಗ್ಗೆ ಜಗತ್ತಿನ ತಿಳಿವಳಿಕೆಯೇ ವಾರದಿಂದ ವಾರಕ್ಕೆ ಬದಲಾಗುತ್ತಿದ್ದ ದಿನಗಳವು. ಇಂಥ ಸಂದರ್ಭದಲ್ಲಿ ಯಾವುದು ಖಚಿತ, ಯಾವುದು ಅಂದಾಜು, ಯಾವ ಅಂಕಿ ಬದಲಾದರೆ ಸಲಹೆಯೂ ಬದಲಾಗುತ್ತದೆ ಎಂಬ ಮೂರನ್ನೂ ಬೇರ್ಪಡಿಸಿ ಹೇಳುವುದು ತಜ್ಞರ ಕರ್ತವ್ಯ. ಸಲಹೆಗೆ ದಿನಾಂಕವಿರಬೇಕು, ಮರುಪರಿಶೀಲನೆಯ ದಿನವೂ ನಮೂದಾಗಿರಬೇಕು. ಹೀಗೆ ಮಾಡಿದಾಗ ಮುಂದೆ ನಿಲುವು ಬದಲಾದರೂ ಜನ ಅದನ್ನು ಗೊಂದಲವೆಂದು ಭಾವಿಸುವುದಿಲ್ಲ. ವಿಜ್ಞಾನ ಹೇಳುವುದು ತಜ್ಞರ ಕೆಲಸ. ಜೀವ, ಜೀವನೋಪಾಯ ಮತ್ತು ಮಕ್ಕಳ ಶಾಲೆಯ ನಡುವೆ ತೂಗಿ ತೀರ್ಮಾನಿಸುವುದು ಚುನಾಯಿತರ ಕೆಲಸ. ಆ ಗೆರೆ ಎರಡೂ ಕಡೆಯವರಿಗೆ ಸ್ಪಷ್ಟವಾಗಿರಬೇಕು.

ಕಿರಿಯ ಅಧಿಕಾರಿಗಳು ನಿಜ ಹೇಳುವಂತೆ ಮಾಡುವುದು ಹೇಗೆ?

ಸಭೆಯಲ್ಲಿ ಹಿರಿಯರು ಮೊದಲು ಮಾತನಾಡಿದರೆ ಉಳಿದವರೆಲ್ಲ ತಲೆಯಾಡಿಸುತ್ತಾರೆ. ಅದಕ್ಕಾಗಿ ಕಿರಿಯರಿಂದ ಆರಂಭಿಸಿ, ನಿಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳಬೇಕು. ಪ್ರಗತಿ ಪರಿಶೀಲನಾ ಸಭೆಯಲ್ಲಿ ಶೇಕಡಾವಾರು ಸಾಧನೆ ಕಡಿಮೆ ತೋರಿಸಿದ ಜಿಲ್ಲೆಯ ಅಧಿಕಾರಿಯನ್ನು ಎಲ್ಲರೆದುರು ಗದರಿಸಿದರೆ, ಮುಂದಿನ ತಿಂಗಳು ಅಂಕಿ ಮಾತ್ರ ಏರುತ್ತದೆ, ಕೆಲಸ ಇದ್ದಲ್ಲೇ ಇರುತ್ತದೆ. ‘ಎಲ್ಲಿ ನಿಂತಿದೆ, ಏನು ಬೇಕು’ ಎಂದು ಕೇಳಿ, ಅವರು ಕೇಳಿದ್ದರಲ್ಲಿ ಒಂದನ್ನಾದರೂ ಆ ವಾರವೇ ಒದಗಿಸಿಕೊಟ್ಟರೆ, ಮುಂದೆ ನಿಜವಾದ ಅಂಕಿಗಳು ಬರುತ್ತವೆ. ಒಳ್ಳೆಯ ಆಲೋಚನೆ ಯಾರದೋ ಅವರ ಹೆಸರನ್ನು ಟಿಪ್ಪಣಿಯಲ್ಲಿ ನಮೂದಿಸುವುದಕ್ಕೆ ಖರ್ಚಿಲ್ಲ, ಆದರೂ ನಮ್ಮಲ್ಲಿ ಇದು ಅಪರೂಪವೆಂಬುದು ನನಗೆ ನೋವಿನ ಸಂಗತಿ.

ಮಾಧ್ಯಮದವರು ಕೇಳಿದರೆ ಉತ್ತರಿಸಬಹುದೇ?

ಸರ್ಕಾರದ ಪರವಾಗಿ ಮಾತನಾಡಲು ಅಧಿಕೃತವಾಗಿ ಸೂಚಿಸಿದ್ದರೆ ಮಾತ್ರ ಉತ್ತರಿಸಬಹುದು. ತೀರ್ಮಾನಕ್ಕೆ ಮೊದಲೇ ಸಲಹೆ ಪತ್ರಿಕೆಯಲ್ಲಿ ಬಂದರೆ, ಸಚಿವರು ಅದನ್ನು ಒಪ್ಪಿದರೆ ಒತ್ತಡಕ್ಕೆ ಮಣಿದಂತೆಯೂ ಒಪ್ಪದಿದ್ದರೆ ತಜ್ಞರನ್ನು ಧಿಕ್ಕರಿಸಿದಂತೆಯೂ ಕಾಣುತ್ತದೆ.

ಹಿತಾಸಕ್ತಿಯ ಪ್ರಶ್ನೆ ಬಂದಾಗ?

ಹೊರಗಿನಿಂದ ಬಂದವರು ತಮ್ಮ ಹಿಂದಿನ ಸಂಸ್ಥೆ, ಷೇರು, ಕುಟುಂಬದವರ ವ್ಯವಹಾರಗಳನ್ನು ಮೊದಲ ದಿನವೇ ಲಿಖಿತವಾಗಿ ತಿಳಿಸಿ, ಅಂಥ ಕಡತಗಳಿಂದ ದೂರವಿರಬೇಕು. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಸೆಕ್ಷನ್ 4(ಜಿ) ಅಡಿ ಟೆಂಡರ್‌ನಿಂದ ವಿನಾಯಿತಿ ಕೇಳುವ ಪ್ರಸ್ತಾವನೆಗಳ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ವಿನಾಯಿತಿಗೆ ತುರ್ತು ಕಾರಣವಾದರೆ, ಆ ತುರ್ತು ಪ್ರಕೃತಿಯಿಂದ ಬಂದದ್ದೋ ಇಲಾಖೆಯ ವಿಳಂಬದಿಂದ ಹುಟ್ಟಿದ್ದೋ ಎಂದು ಕೇಳುವ ಹೊಣೆ ಸಲಹೆಗಾರನದು.

ರಾಜೀನಾಮೆ ಯಾವಾಗ ಕೊಡಬೇಕು?

ಪ್ರತಿ ಭಿನ್ನಾಭಿಪ್ರಾಯಕ್ಕೂ ರಾಜೀನಾಮೆಯ ಮಾತಾಡುವವರ ಮಾತಿಗೆ ಬೆಲೆ ಉಳಿಯುವುದಿಲ್ಲ. ಕಾನೂನುಬಾಹಿರವಾದುದನ್ನು ಸಮರ್ಥಿಸಿ ಬರೆಯಲು ಒತ್ತಾಯ ಬಂದಾಗ, ಇಲ್ಲವೇ ಮೂಲಭೂತ ನೀತಿಯೊಂದರಲ್ಲಿ ನಿಮಗೆ ಮನಸ್ಸಾಕ್ಷಿಯಿಂದ ಕೆಲಸ ಮುಂದುವರಿಸಲು ಆಗದಿದ್ದಾಗ ಹೊರಬರಬೇಕು.

ಸರ್ ಎಂ. ವಿಶ್ವೇಶ್ವರಯ್ಯ 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಸರ್ಕಾರಿ ಸೇವೆಯಲ್ಲಿ ಹಿಂದುಳಿದ ವರ್ಗಗಳಿಗೆ ಪ್ರಾತಿನಿಧ್ಯ ಕೊಡುವ ವಿಷಯದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರೊಂದಿಗೆ ಮೂಡಿದ ಭಿನ್ನಾಭಿಪ್ರಾಯ ಅವರು ಹುದ್ದೆ ಬಿಡಲು ಮುಖ್ಯ ಕಾರಣವೆಂದು ಇತಿಹಾಸಕಾರರು ಗುರುತಿಸುತ್ತಾರೆ. ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ 1918ರಲ್ಲಿ ನೇಮಕಗೊಂಡು, ಅದರ ಶಿಫಾರಸಿನ ಮೇಲೆ ಮಹಾರಾಜರ ಸರ್ಕಾರ ಮುಂದುವರಿಯಿತು. ಆ ವಿಷಯದಲ್ಲಿ ಮಹಾರಾಜರ ನಿಲುವೇ ನ್ಯಾಯವಾಗಿತ್ತೆಂದು ನಾನು ದೃಢವಾಗಿ ನಂಬುತ್ತೇನೆ. ಮೈಸೂರಿನ ಮುಂದಿನ ಸಾಮಾಜಿಕ ಬೆಳವಣಿಗೆಗೆ ಅದು ಬುನಾದಿಯಾಯಿತು. ದೊಡ್ಡ ಸಲಹೆಗಾರರೂ ದೊಡ್ಡ ಪ್ರಶ್ನೆಯೊಂದರಲ್ಲಿ ತಪ್ಪು ಬದಿಯಲ್ಲಿ ನಿಲ್ಲಬಹುದು ಎಂಬುದನ್ನು ನಾವು ಒಪ್ಪಿಕೊಳ್ಳಬೇಕು. ಹಾಗಿದ್ದೂ, ಒಪ್ಪಲಾಗದ ನೀತಿಯನ್ನು ಹುದ್ದೆಯಲ್ಲಿದ್ದುಕೊಂಡೇ ಒಳಗಿನಿಂದ ಕೆಡಿಸುವ ದಾರಿಯನ್ನು ಹಿಡಿಯದೆ ಅವರು ಜಾಗ ತೆರವು ಮಾಡಿಕೊಟ್ಟರು. ಮೈಸೂರು ಸಂಸ್ಥಾನಕ್ಕೆ ಅವರ ಸೇವೆಯೂ ಅಲ್ಲಿಗೇ ನಿಲ್ಲಲಿಲ್ಲ. ಮುಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆಯನ್ನು ಅವರು ಹೊತ್ತರು.

ಹುದ್ದೆ ಬಿಡುವಾಗ ಮುಂದಿನವರಿಗೆ ಏನನ್ನು ಒಪ್ಪಿಸಬೇಕು?

ಸರ್ಕಾರ ಬದಲಾದಾಗ ರಾಜಕೀಯ ನೇಮಕದ ಸಲಹೆಗಾರರು ಒಂದೇ ದಿನದಲ್ಲಿ ಹೊರಡಬೇಕಾಗುತ್ತದೆ, ಅಧಿಕಾರಿಗಳಿಗೆ ವರ್ಗಾವಣೆ ಆದೇಶ ಸಂಜೆಗೆ ಬರಬಹುದು. ಆದ್ದರಿಂದ ಹಸ್ತಾಂತರದ ಟಿಪ್ಪಣಿಯನ್ನು ತಿಂಗಳಿಗೊಮ್ಮೆ ಪರಿಷ್ಕರಿಸಿ ಸದಾ ಸಿದ್ಧವಾಗಿಟ್ಟಿರಬೇಕು. ಬಾಕಿ ಕಡತಗಳ ಪಟ್ಟಿಯನ್ನು ಸರ್ಕಾರಿ ಕಡತಗಳ ತಂತ್ರಾಂಶವಾದ ಇ-ಆಫೀಸ್ ತಾನೇ ತೋರಿಸುತ್ತದೆ, ಅದಕ್ಕಾಗಿ ಕಷ್ಟಪಡಬೇಕಿಲ್ಲ. ಅದು ತೋರಿಸದ ವಿಷಯಗಳನ್ನು ಬರೆದಿಡಬೇಕು. ಯಾವ ನ್ಯಾಯಾಲಯದ ಆದೇಶಕ್ಕೆ ಯಾವ ದಿನದೊಳಗೆ ಉತ್ತರ ಸಲ್ಲಿಸಬೇಕು, ಕೇಂದ್ರದ ಯಾವ ಸಚಿವಾಲಯದಲ್ಲಿ ಯಾವ ಹಂತದ ಅಧಿಕಾರಿ ನಮ್ಮ ಪ್ರಸ್ತಾವನೆಯನ್ನು ನೋಡುತ್ತಿದ್ದಾರೆ, ನೀವು ಬೇಡವೆಂದು ಕೈಬಿಟ್ಟ ಆಯ್ಕೆಗಳು ಯಾವುವು ಮತ್ತು ಏಕೆ ಎಂಬುದೆಲ್ಲ ಅದರಲ್ಲಿ ಇರಬೇಕು. ಬಾಯಿಮಾತಿನಲ್ಲಿ ಕೊಟ್ಟ ಭರವಸೆಗಳನ್ನು ವಿಶೇಷವಾಗಿ ನಮೂದಿಸಬೇಕು. ಪಿಂಚಣಿಗಾಗಿ ಬಂದ ನಿವೃತ್ತ ಶಿಕ್ಷಕರ ನಿಯೋಗಕ್ಕೆ, ಪರಿಹಾರ ಕೇಳಿ ಬಂದ ಮುಳುಗಡೆ ಗ್ರಾಮದವರಿಗೆ ‘ಈ ತಿಂಗಳ ಕೊನೆಯೊಳಗೆ ನೋಡುತ್ತೇವೆ’ ಎಂದು ನೀವು ಹೇಳಿದ್ದರೆ, ಅವರು ಅದೇ ದಿನಕ್ಕೆ ಅದೇ ಕೊಠಡಿಗೆ ಮತ್ತೆ ಬರುತ್ತಾರೆ. ಆಗ ಅಲ್ಲಿ ಕುಳಿತಿರುವವರಿಗೆ ವಿಷಯ ತಿಳಿದಿರಬೇಕು.